ಅಡಿವೆಯ್ಯ ಮಾಸ್ತರರ ಸರದಿ

ತೇರಗಾಂವದ ಅಡಿವೆಯ್ಯ ಮಾಸ್ತರರು ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ತಪ್ಪು ಕಂಡಲ್ಲಿ ಸುಮ್ಮನಿರುವುದು ಅವರ ಜಾಯಮಾನವಲ್ಲ. ಮದುವೆಯೂಟದ ಪಂಕ್ತಿಯಲ್ಲಿ ಕೂತು ಲಗ್ನಪತ್ರಿಕೆಯ ಕಾಗುಣಿತ ತಿದ್ದಿದ ಖ್ಯಾತಿ ಅವರದು. ನಿವೃತ್ತಿಯ ನಂತರ ತಿದ್ದುವುದಕ್ಕೆ ಹೆಂಡತಿ ಶಿವಗಂಗಾ ಒಬ್ಬಳೇ ಉಳಿದಳು. ರವಿವಾರ ಹಳಿಯಾಳದ ವಾಚನಾಲಯದಲ್ಲಿ ನಡೆಯುವ ಕಥೆಯ ಆಟಕ್ಕೆ ಅವರನ್ನು ಅಟ್ಟಿದವಳು ಅವಳೇ.

ಆಟ ನಡೆಸುತ್ತಿದ್ದವಳು ವಾಚನಾಲಯ ನೋಡಿಕೊಳ್ಳುವ ಸಿದ್ದಿ ಹೆಣ್ಣುಮಗಳು ನಸ್ರೀನ. ಅವಳು ಕಥೆ ಹೇಳುತ್ತ ಹೋದಂತೆ, ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಟೇಲರ್ ಮಹಾದೇವಕ್ಕ ಬೀಗ ಮುರಿಯುವ ಕಳ್ಳಿ. ಮೊಬೈಲ್ ರಿಪೇರಿಯ ರೋಹಿದಾಸ ಮಂತ್ರವಾದಿ. ಮಾಸ್ತರರು ಸೇನಾಪತಿಯಾಗದೆ ಇನ್ನೇನಾದಾರು?

ಒಳ್ಳೆಯ ಆಟಗಾರನೆನಿಸಿಕೊಳ್ಳಲು ಅವರು ನಿಯಮದ ಪುಸ್ತಕ ಬಾಯಿಪಾಠ ಮಾಡಿದರು. ಗೆಲುವಿನ ಸಂಭವನೀಯತೆಯ ಕೋಷ್ಟಕ ಬರೆದು, ಲ್ಯಾಮಿನೇಶನ್ ಮಾಡಿಸಿ ಹಂಚಿದರು. ಮಹಾದೇವಕ್ಕ ಬೀಗಕ್ಕೆ ಕೈ ಹಾಕಿದರೆ ಛಾವಣಿಯಿಂದ ಇಳಿಯುವುದೇ ಲಾಭವೆಂದು ತಡೆದರು. ರೋಹಿದಾಸ ಮಂತ್ರ ಹೇಳಿದರೆ ಪುಸ್ತಕದ ಪುಟಸಂಖ್ಯೆ ಕೇಳಿದರು. ನಾಲ್ಕು ವಾರ ಸೇನಾಪತಿ ಒಮ್ಮೆಯೂ ಸೋಲಲಿಲ್ಲ.

ಐದನೆಯ ರವಿವಾರ ವಾಚನಾಲಯದಲ್ಲಿ ಯಾರೂ ಇರಲಿಲ್ಲ. ಹುಡುಕುತ್ತ ಮಹಾದೇವಕ್ಕನ ಅಂಗಡಿಗೆ ಹೋದರೆ, ಅರ್ಧ ಇಳಿಸಿದ ಶಟರಿನ ಒಳಗೆ ದಾಳ ಉರುಳುತ್ತಿತ್ತು. ಮೂವರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾಸ್ತರರು ಬಗ್ಗಿ ಇಣುಕಿದ್ದೇ ನಗು ನಿಂತಿತು.

ಮಹಾದೇವಕ್ಕ ಎದ್ದು ಶಟರು ಮೇಲೆತ್ತಿದಳು. "ಸಿಟ್ಟಾಗಬ್ಯಾಡ್ರಿ ಮಾಸ್ತರ. ವಾರಪೂರ್ತಿ ಮಂದಿ ಹೇಳಿದ ಅಳತಿಗೆ ಹೊಲೀತೇನಿ. ಇಲ್ಲಿ ಎರಡು ತಾಸರೆ ನನ್ನ ಮನಸಿನಂಗ ಕಳವು ಮಾಡಬೇಕನಸ್ತೈತಿ."

ಮನೆಗೆ ಬಂದು ದೂರಿಕೊಂಡರೆ ಶಿವಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಅವರು ನಿಮ್ಮನ್ನ ನಾಕ ವಾರದಾಗ ತಿಳಕೊಂಡ್ರಲ್ಲ, ಶಾಣ್ಯಾ ಮಂದಿ," ಎಂದಳು.

ಮುಂದಿನ ವಾರ ಮತ್ತೆ ಆಟಕ್ಕೆ ಕೂತ ಮಾಸ್ತರರು ವಿನಯದ ಮೂರ್ತಿಯಾದರು. ಸೇತುವೆ ಕುಸಿಯುತ್ತಿದ್ದರೂ ಸೇನಾಪತಿ 'ಮೊದಲು ನೀವು' ಎನ್ನುತ್ತ ಕೈಕಟ್ಟಿ ನಿಂತ, ಎಲ್ಲರೂ ಹೊಳೆಪಾಲಾದರು. ಈಗ ನಸ್ರೀನಳಿಗೂ ತಡೆಯಲಾಗಲಿಲ್ಲ.

"ಸುಮ್ನ ಕೂಡ್ರೂದು ಆಟ ಅಲ್ರಿ ಸರ. ಅವರು ಏನ್ ಮಾಡಾಕತ್ತಾರ ನೋಡ್ರಿ, ಅದಕ್ಕ ನಿಮ್ಮದೊಂದು ಕೂಡಸ್ರಿ."

ಕೂಡಿಸುವ ಲೆಕ್ಕವೆಂದ ಮೇಲೆ ಮಾಸ್ತರರಿಗೆ ತಿಳಿಯಿತು. ಅದರ ಮರುವಾರ ಮಹಾದೇವಕ್ಕ ಕೋಟೆಯ ಖಜಾನೆಗೆ ನುಗ್ಗುವಾಗ, ಕಾವಲುಗಾರರ ಗಮನ ಸೆಳೆಯಲು ಸೇನಾಪತಿ ಕುಡುಕನಂತೆ ಕುಣಿಯುತ್ತಾನೆಂದರು. ಹೇಳಿ ಬಿಡಲಿಲ್ಲ, ಎದ್ದು ಕುಣಿದೂ ತೋರಿಸಿದರು. ದಾಳ ಹಾಕಿದರೆ ಬಿದ್ದದ್ದು ಒಂದು, ಎಲ್ಲಕ್ಕಿಂತ ಕೆಟ್ಟ ಸಂಖ್ಯೆ. ಸೇನಾಪತಿ ಗಟಾರಕ್ಕುರುಳಿ ಸಿಕ್ಕಿಬಿದ್ದು ಜೈಲು ಸೇರಿದ. ಅಷ್ಟರಲ್ಲಿ ಖಜಾನೆ ಬರಿದಾಯಿತು. ಅರವತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಮಾಸ್ತರರು ತಮ್ಮ ಸೋಲಿಗೆ ತಾವೇ ನಕ್ಕರು.

ಊರಿಗೆ ಮರಳುವಾಗ ಹುರುಪು ತಡೆಯದೆ ಬಸ್ಸಿನಿಂದಲೇ ರೋಹಿದಾಸನಿಗೆ ಫೋನು ಮಾಡಿ, ಜೈಲಿನಿಂದ ತಮ್ಮನ್ನು ಬಿಡಿಸುವ ಉಪಾಯವನ್ನು ದೊಡ್ಡ ದನಿಯಲ್ಲಿ ಚರ್ಚಿಸಿದರು. ಹಿಂದಿನ ಸೀಟಿನಲ್ಲಿದ್ದ ನೆರೆಮನೆಯ ಶಂಕ್ರವ್ವನ ಕಿವಿಗೆ ಬಿದ್ದದ್ದು ಖಜಾನೆ, ಕಳವು, ಜೈಲು ಎಂಬ ಮಾತುಗಳಷ್ಟೇ. ಸಂಜೆಯೊಳಗೆ ಓಣಿಯ ಹೆಂಗಸರು ಮಾಸ್ತರರ ಮನೆಯ ಕಟ್ಟೆಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು.

ಶಿವಗಂಗಾ ಎಲ್ಲರಿಗೂ ಚಹಾ ತಂದಳು. "ಚಿಂತಿ ಮಾಡಬ್ಯಾಡ್ರಿ. ಬರೂ ಐತವಾರ ಟೇಲರ್ ಅಕ್ಕಾರು ಬೀಗ ಮುರದು ಬಿಡಿಸ್ಕೊಂಡ ಬರ್ತಾರ."