ಗಾಳಿಚೀಲದ ದಾಮೋದರಣ್ಣ

ಯಾವ ಕಾರು ಗ್ಯಾರೇಜಿನ ಅಂಗಳಕ್ಕೆ ಬಂದರೂ ದಾಮೋದರಣ್ಣ ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೀನಿನ ಲಾರಿ ನೀರು ಸುರಿಸುತ್ತಾ ಹೋಗುವಾಗ ನಾವು ಮುಚ್ಚಿಕೊಳ್ಳುತ್ತೇವಲ್ಲ ಹಾಗೆ, ಹೆಗಲ ಮೇಲಿನ ಟವೆಲಿನ, ಅಂದರೆ ನಮ್ಮ ಕಡೆಯ ಬೈರಾಸಿನ, ತುದಿಯಿಂದ. ಕಾರು ಹೊಳೆದಷ್ಟೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಮೈಯೆಲ್ಲ ಕೆಸರು ಮೆತ್ತಿದ, ಶಾಲೆಯ ಮಕ್ಕಳು ಒಳಗೆ ವಾಂತಿ ಮಾಡಿದ ಹಳೆಯ ವ್ಯಾನು ಬಂದರೆ ಮಾತ್ರ ಬೈರಾಸು ಕೆಳಗಿಳಿಯುತ್ತಿತ್ತು. "ಇದು ಕೆಲಸ ಮಾಡಿದ ಗಾಡಿ" ಎಂದು ಅದರ ಬೆನ್ನು ತಟ್ಟುತ್ತಿದ್ದರು.

ಕಾಪುವಿನಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಕಡೆ ಇಳಿಯುವ ದಾರಿಯಲ್ಲಿ ಅವರ ಗ್ಯಾರೇಜು. ನಾನು ಶಿರ್ವದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ನಲವತ್ತು ದಾಟಿದ ಮೇಲೆ ಬುದ್ಧಿ ಬರುತ್ತದೆ ಎಂದು ಹೇಳುವವರು ನನ್ನನ್ನು ನೋಡಿಲ್ಲ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹುಡುಗನ ಕಾರನ್ನು ನಾನು ಕೊಂಡದ್ದು ಒಂದೇ ಕಾರಣಕ್ಕೆ. ಅವನು ಅದರ ಸ್ಪ್ರಿಂಗ್ ತೆಗೆಸಿ ನಾಲ್ಕು ಚಕ್ರಕ್ಕೂ ಗಾಳಿ ತುಂಬುವ ರಬ್ಬರ್ ಚೀಲ ಹಾಕಿಸಿದ್ದ. ರಿಮೋಟ್ ಒತ್ತಿದರೆ ಕಾರು ಉಸ್ಸೆಂದು ನೆಲಕ್ಕೆ ಕೂರುತ್ತಿತ್ತು, ಮತ್ತೆ ಒತ್ತಿದರೆ ಏಳುತ್ತಿತ್ತು. ಅಂಗಡಿಯ ಎದುರು ದಿನಕ್ಕೆ ಹತ್ತು ಸಲ ಕೂರಿಸಿ ಏಳಿಸುತ್ತಿದ್ದೆ. ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ಅದೇ ವರ್ಷ ನನ್ನ ಹೆಂಡತಿ ಶಶಿಕಲಾಳ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಅವಳು ಕಾರ್ಕಳದ ಒಂದು ಶಾಲೆಯಲ್ಲಿ ಟೀಚರ್. ವಾರಕ್ಕೆ ಮೂರು ಸಲ ಮಣಿಪಾಲಕ್ಕೆ ಹೋಗಿ ವ್ಯಾಯಾಮದ ಚಿಕಿತ್ಸೆ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದರು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ ಎರಡು ಸಲ ಕರೆದುಕೊಂಡು ಹೋದೆ. ಮೂರನೆಯ ಸಲ ಅವಳು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ನಮ್ಮ ಕಡೆಯ ಖಾಸಗಿ ಬಸ್ಸುಗಳ ಓಟ ಕಂಡವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಆ ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡು ಹೋಗುವುದು ನನ್ನ ಕಾರಿನಲ್ಲಿ ಮಲಗುವುದಕ್ಕಿಂತ ಸುಖ ಎಂದಳು. ಕೋಪದಿಂದ ಹೇಳಲಿಲ್ಲ. ಕೋಪ ಬಂದಿದ್ದರೆ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಕೊನೆಗೆ ಒಂದು ದಿನ ಬಸ್ಸು ಬ್ರೇಕ್ ಹಾಕಿದ ಹೊಡೆತಕ್ಕೆ ಬಿದ್ದು ಬಂದ ಮೇಲೆ "ಇನ್ನು ಹೋಗುವುದಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆಗ ನಾನು ದಾಮೋದರಣ್ಣನ ಹತ್ತಿರ ಹೋದೆ.

ಹೋದವನು ಸುಮ್ಮನೆ ವಿಷಯ ಹೇಳಿದ್ದರೆ ಆಗುತ್ತಿತ್ತು. ಮೊದಲು ರಿಮೋಟ್ ಒತ್ತಿ ಕಾರನ್ನು ಕೂರಿಸಿ ತೋರಿಸಿದೆ. ಅವರು ಬೈರಾಸು ಮೂಗಿಗೆ ಒತ್ತಿ ಹಿಡಿದರು.

"ಇದನ್ನು ತೋರಿಸ್ಲಿಕ್ಕೆ ಬಂದದ್ದಾ? ನಮ್ಮ ಮನೆಯ ನಾಯಿ ಸಹ ಹೀಗೆ ಕೂರ್ತದೆ ಮಾರಾಯ. ಅದಕ್ಕೆ ರಿಮೋಟ್ ಬೇಡ."

ಹೆಂಡತಿಯ ಸಂಗತಿ ಹೇಳಿದೆ.

"ಅವಳಿಗೆ ನೋವಾಗ್ತದೆ ಅಂತ ಗೊತ್ತಾದ ಮೇಲೆ ನೀನು ಎಂತ ಮಾಡಿದಿ?"

"ಮೆತ್ತಗಾಗಲಿ ಅಂತ ಚೀಲಕ್ಕೆ ಗಾಳಿ ಜಾಸ್ತಿ ಹಾಕಿದೆ."

"ಛೀ! ಫುಟ್‌ಬಾಲಿಗೆ ಗಾಳಿ ಜಾಸ್ತಿ ಹಾಕಿದ್ರೆ ಮೆತ್ತಗಾಗ್ತದಾ, ಕಲ್ಲಾಗ್ತದಾ? ಹಿಂದಿನ ಸೀಟಲ್ಲಿ ನೀನು ಯಾವತ್ತಾದರೂ ಕೂತದ್ದುಂಟಾ?"

ಇರಲಿಲ್ಲ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಂದು ದಿನವೂ ಕೂತಿರಲಿಲ್ಲ.

"ಮಲಗು" ಎಂದರು. ಹೆಂಡತಿ ಮಲಗುವ ಹಾಗೆಯೇ ಮಲಗಬೇಕು, ಕೈಯಲ್ಲಿ ಏನನ್ನೂ ಹಿಡಿದುಕೊಳ್ಳಬಾರದು ಎಂದು ಆಜ್ಞೆ. ತಾವೇ ಸ್ಟೇರಿಂಗ್ ಹಿಡಿದು ಕಾರ್ಕಳದ ದಾರಿಗೆ ಕಾರು ಬಿಟ್ಟರು. ಮೊದಲ ರಸ್ತೆಯುಬ್ಬಿಗೆ ನಾಲಿಗೆ ಕಚ್ಚಿಕೊಂಡೆ. ಎರಡನೆಯದಕ್ಕೆ ಬೆನ್ನಿನ ಕೆಳಗೆ ಯಾರೋ ಹಾರೆಯಿಂದ ಹೊಡೆದಂತಾಯಿತು. ಬೇಕೆಂದೇ ಅವರು ಹೊಂಡ ಹುಡುಕಿ ಇಳಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಾನು ಓಡಿಸುವುದಕ್ಕಿಂತ ನಿಧಾನವಾಗಿಯೇ ಓಡಿಸುತ್ತಿದ್ದರು. ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ ಎಂದು ಕೂಗಿ, ಚರಂಡಿಯ ಪಕ್ಕ ಬೆಳಗ್ಗಿನ ನೀರುದೋಸೆಯನ್ನೆಲ್ಲ ಕಾರಿದೆ. ದಾಮೋದರಣ್ಣ ಬೈರಾಸಿನೊಳಗಿನಿಂದಲೇ, "ನಿನಗೆ ಬೆನ್ನು ಸರಿ ಉಂಟು. ಆದರೂ ಇಷ್ಟು" ಎಂದರು. ಬಾಯಿ ಒರೆಸಿಕೊಳ್ಳುತ್ತಾ ನಿಂತ ನನಗೆ ನನ್ನ ಮೈಯೇ ಕೊಳಕು ಅನ್ನಿಸಿತು. ಆ ಸೀಟಿನಲ್ಲಿ ಶಶಿ ಎರಡು ಸಲ ಹಲ್ಲು ಕಚ್ಚಿ ಮಲಗಿದ್ದಳು. ಮುಂದೆ ನಾನು ಹಾಡು ಹಾಕಿಕೊಂಡು ಹೋಗಿದ್ದೆ.

ಮಾರನೆಯ ದಿನದಿಂದ ಒಂದು ವಾರ ರಿಪೇರಿ ನಡೆಯಿತು. ಚೀಲದಲ್ಲಿ ಗಾಳಿ ಕಡಿಮೆಯಾಗಿ ಕಾರು ತಗ್ಗಿದರೆ ಚಕ್ರಕ್ಕೆ ಮೇಲೇಳಲು ಜಾಗವಿಲ್ಲದೆ ಒಳಗಿನ ರಬ್ಬರ್ ತಡೆಗೆ ಬಡಿಯುತ್ತದೆ, ಗಾಳಿ ಹೆಚ್ಚಾದರೆ ಚೀಲವೇ ಕಲ್ಲಾಗುತ್ತದೆ, ಎರಡರ ನಡುವೆ ಒಂದು ಎತ್ತರ ಉಂಟು ಎಂದರು. ಆ ಎತ್ತರ ಸಿಕ್ಕಿದ ಮೇಲೆ ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿಯನ್ನು ಅಳತೆಗೆ ಮುರಿದು ನನ್ನ ಕೈಯಲ್ಲಿಟ್ಟು, "ದಿನಾ ಬೆಳಿಗ್ಗೆ ಚಕ್ರದ ನಡುವಿಂದ ಮೇಲಿನ ಅಂಚಿಗೆ ಇದನ್ನು ಹಿಡಿದು ನೋಡು. ರಿಮೋಟನ್ನು ಬಾವಿಗೆ ಹಾಕು" ಎಂದರು. ಶಾಕ್ ಅಬ್ಸಾರ್ಬರುಗಳ ಬಿಗಿತ ಹೊಂದಿಸುವ ತಿರುಪನ್ನು ಕಾರು ಮಾರಿದ ಹುಡುಗ ಕೊನೆಯ ಹಲ್ಲಿನವರೆಗೆ ಬಿಗಿಸಿದ್ದ. ಒಂದೊಂದೇ ಹಲ್ಲು ಸಡಿಲಿಸಿ ತಾವೇ ಹಿಂದೆ ಮಲಗಿ, ನನ್ನಿಂದ ಓಡಿಸಿ, ಕಣ್ಣು ಮುಚ್ಚಿಕೊಂಡು "ಎಡಗಡೆ ಹಿಂದೆ ಇನ್ನೂ ಒದೀತದೆ" ಎಂದು ಕೂಗುತ್ತಿದ್ದರು. ದೊಡ್ಡ ರಿಮ್ಮು, ಬಳೆಯಷ್ಟು ತೆಳ್ಳಗಿನ ಟಯರು ತೆಗೆದು ಸಣ್ಣ ರಿಮ್ಮಿಗೆ ದಪ್ಪ ಟಯರು ಹಾಕಿದರು. ಚಂದ ಹೋಯಿತಲ್ಲ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಚಂದ ರಸ್ತೆಯಲ್ಲಿ ನಿಂತು ನೋಡುವವನಿಗೆ. ಒಳಗೆ ಕೂರುವವಳು ನಿನ್ನ ಹೆಂಡತಿ."

ಎಡಗಡೆಯ ಹಿಂದಿನ ಚಕ್ರ ಮಾತ್ರ ಸರಿಯಾಗಲಿಲ್ಲ. ಬಿಚ್ಚಿ ನೋಡಿದರೆ ಚೀಲ ಕೂರುವ ತಗಡನ್ನು ಓರೆಯಾಗಿ ವೆಲ್ಡ್ ಮಾಡಿದ್ದರು. ಚೀಲ ಒಂದು ಬದಿಗೆ ಉಜ್ಜಿ ಸವೆದಿತ್ತು. "ಯಾವ ಬೇವರ್ಸಿ ಮಾಡಿದ ಕೆಲಸ ಇದು?" ಎಂದು ನಾನು ಬಾಯಿಗೆ ಬಂದಂತೆ ಬೈದೆ. ದಾಮೋದರಣ್ಣ ಗ್ರೈಂಡರ್ ಕೈಗೆತ್ತಿಕೊಂಡರು. ಹಳೆಯ ವೆಲ್ಡನ್ನು ಉಜ್ಜಿ ತೆಗೆದು ಹೊಸದಾಗಿ ಹಾಕಿದರು. ಆ ದಿನ ಊಟಕ್ಕೂ ಏಳಲಿಲ್ಲ.

ಕೆಲಸ ಮುಗಿದಾಗ, "ಟೀಚರನ್ನು ಕರ್ಕೊಂಡು ಬಾ, ನಾನೂ ಬರ್ತೇನೆ" ಎಂದರು. ಶಶಿಯನ್ನು ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. ಅವಳು ಹಿಂದೆ ಮಲಗಿದಳು. ಮುಂದಿನ ಸೀಟಿನಲ್ಲಿ ದಾಮೋದರಣ್ಣ ಹಿಂದಕ್ಕೆ ತಿರುಗಿ ಕೂತು ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದರು. ಉಡುಪಿ ದಾಟಿ ಮಣಿಪಾಲದ ಏರು ಹತ್ತುವಾಗ ನೋಡಿದರೆ ಅವಳಿಗೆ ಜೋಂಪು ಹತ್ತಿತ್ತು. ಆಸ್ಪತ್ರೆಯ ಎದುರು ಇಳಿದು, "ಬಸ್ಸಿಗಿಂತ ಅಡ್ಡಿಲ್ಲ" ಎಂದಳು. ನನ್ನ ಹೆಂಡತಿಯ ಬಾಯಿಂದ ಅದು ದೊಡ್ಡ ಹೊಗಳಿಕೆ.

ಆಗ ಅವರು ಬೈರಾಸನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಟೀಚರೇ, ಈ ಚೀಲ ಮೊದಲು ಹಾಕಿದ್ದು ನಾನೇ. ಆ ಓರೆ ವೆಲ್ಡ್ ಸಹ ನನ್ನದೇ. ನೆಲಕ್ಕೆ ತಾಗುವ ಹಾಗೆ ಮಾಡಿಕೊಡಿ ಅಂತ ಹುಡುಗ ಹೇಳಿದ, ಮಾಡಿದೆ. ಹಿಂದೆ ಯಾರು ಕೂರ್ತಾರೆ ಅಂತ ಕೇಳಲಿಲ್ಲ. ಕಾಲೇಜು ಮಕ್ಕಳ ಗಾಡಿಯಲ್ವಾ, ಹಿಂದೆ ಯಾರು ಕೂರ್ಲಿಕ್ಕುಂಟು ಅಂತ ಎಣಿಸಿದೆ."

ಶಶಿ ಸೊಂಟದ ಬೆಲ್ಟು ಬಿಗಿಮಾಡಿಕೊಂಡಳು. "ಮೂರು ತಿಂಗಳು ನಿಂತುಕೊಂಡು ಬಂದೆ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ನನಗೆ ಮೈ ಉರಿದುಹೋಯಿತು. ಈ ಮನುಷ್ಯ ಮೊದಲ ದಿನವೇ ಕಾರಿನ ಗುರುತು ಹಿಡಿದಿದ್ದಾನೆ. ತನ್ನ ಹೊಲಸಿಗೆ ನನ್ನ ಎದುರು ಮೂಗು ಮುಚ್ಚಿಕೊಂಡಿದ್ದಾನೆ. ನನ್ನನ್ನು ಚರಂಡಿಯ ಪಕ್ಕ ವಾಂತಿ ಮಾಡಿಸಿದ್ದಾನೆ. "ನಿಮ್ಮ ಮುಖ ನೋಡ್ಲಿಕ್ಕೆ ಅಸಹ್ಯ ಆಗ್ತದೆ" ಎಂದೆ. "ಆಗಲಿ ಮಾರಾಯ. ನನಗೂ ಆಗ್ತದೆ" ಎಂದು ಅವರು ಬಸ್ಸು ಹಿಡಿದು ಕಾಪುವಿಗೆ ಹೋದರು. ಆಮೇಲೆ ನಾನು ಆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ಶಶಿಯ ಬೆನ್ನು ನೆಟ್ಟಗಾಯಿತು. ಶಾಲೆಗೂ ಹೋಗತೊಡಗಿದಳು, ಕಾರಿನಲ್ಲಿ ಮುಂದೆಯೇ ಕೂರುತ್ತಿದ್ದಳು. ವರ್ಷದ ಮೇಲೆ ಒಮ್ಮೆ, ಕೊನೆಯ ತಪಾಸಣೆ ಮುಗಿಸಿ ಮಣಿಪಾಲದಿಂದ ಮಧ್ಯಾಹ್ನ ಹೊರಟಿದ್ದೆವು. ವಿದ್ಯಾರ್ಥಿಗಳ ಹಾಸ್ಟೆಲಿನ ಎದುರು, ಹೊಟ್ಟೆ ನೆಲಕ್ಕೆ ತಾಗಿಸಿ ಕೂತಿದ್ದ ಒಂದು ಕಾರಿನ ಪಕ್ಕ ದಾಮೋದರಣ್ಣ ನಿಂತಿದ್ದರು. ತಾವು ಹಿಂದೆ ತಗ್ಗಿಸಿ ಕೊಟ್ಟ ಕಾರುಗಳನ್ನು ಹುಡುಕಿಕೊಂಡು ಅವರು ವಾರಕ್ಕೊಮ್ಮೆ ಮಣಿಪಾಲ ಸುತ್ತುತ್ತಾರೆ, ಹುಡುಗರು ಅವರನ್ನು ಕಂಡು ನಗುತ್ತಾರೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು. ನಾನು ನಂಬಿರಲಿಲ್ಲ. "ಒಮ್ಮೆ ಹಿಂದೆ ಮಲಗಿ ನೋಡು ಮಾರಾಯ, ಒಮ್ಮೆ" ಎನ್ನುವುದು ವಾಹನಗಳ ಸಾಲಿನಲ್ಲಿ ನಿಧಾನವಾಗಿ ಸಾಗುತ್ತಿದ್ದ ನಮಗೂ ಕೇಳಿಸಿತು. ಹುಡುಗ ನಕ್ಕು, ಕಾರನ್ನು ಎಬ್ಬಿಸಿಕೊಂಡು ಹೋದ. ಅವರು ಬಿಸಿಲಿಗೆ ಬೈರಾಸನ್ನು ತಲೆಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು.

"ನಿಲ್ಲಿಸಿ" ಎಂದಳು ಶಶಿ.

ನಾನು ನಿಲ್ಲಿಸಲಿಲ್ಲ. ಅವರು ನಮ್ಮ ಕಾರನ್ನು ಗುರುತು ಹಿಡಿದರು. ಕೈ ಎತ್ತಲಿಲ್ಲ, ಚಕ್ರಗಳನ್ನು ಮಾತ್ರ ನೋಡಿದರು.

ಮಳೆಗಾಲಕ್ಕೆ ಮೊದಲೇ ದಾಮೋದರಣ್ಣ ತೀರಿಕೊಂಡರೆಂದು ಕಾಪುವಿನಿಂದ ಬಂದ ಗಿರಾಕಿಯೊಬ್ಬ ಹೇಳಿದ. ಮನೆಗೆ ಹೋಗಿ ಶಶಿಗೆ ತಿಳಿಸಿದೆ. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೈಯಲ್ಲಿದ್ದ ಪತ್ರಿಕೆಯನ್ನು ತಿದ್ದಿ ಮುಗಿಸಿ ಪೆನ್ನು ಕೆಳಗಿಟ್ಟಳು.

"ಅವತ್ತು ಎಷ್ಟು ಬಿಸಿಲಿತ್ತು" ಎಂದಳು. "ನಮ್ಮ ಹಿಂದಿನ ಸೀಟು ಖಾಲಿ ಇತ್ತು."