ಭಾತಂಬ್ರಾ ಬಾವಿಯ ಪಾಚಿಗೆ ನಂಟರು

ಒಂದು ಚಿಟಿಕೆ ಪಾಚಿಗೆ ನಾನು ತೆತ್ತ ಬೆಲೆ ಒಂದೂವರೆ ದಿನದ ಹೂಳು. ತಪ್ಪು ನನ್ನದೇ. ಬೀದರಿನ ನಮ್ಮ ಕಾಲೇಜಿನಲ್ಲಿ ಯಾವ ಪಾಚಿ ಬಂದರೂ ಕೊಳೆಯದಿರಲೆಂದು ಫಾರ್ಮಾಲಿನ್ ಬಾಟಲಿಗೆ ಹಾಕುವುದು ವಾಡಿಕೆ. ಭಾತಂಬ್ರಾದ ಬಾವಿಯಿಂದ ತಂದ ಕೆಂಪು ಪಾಚಿಯನ್ನೂ ಹಾಗೇ ಹಾಕಿಬಿಟ್ಟೆ. ಆಕಾರ ಚೆನ್ನಾಗಿ ಉಳಿಯಿತು. ಡಿಎನ್‌ಎ ಮಾತ್ರ ಚೂರುಚೂರಾಯಿತು.

ನನಗೆ ಬೇಕಾಗಿದ್ದು ಆ ಡಿಎನ್‌ಎ. ಪಾಚಿಯ ಜೀವಕೋಶದಲ್ಲಿ ಬಿಸಿಲು ಹಿಡಿದು ಆಹಾರ ಮಾಡುವ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಭಾಗವಿದೆ. ಅದಕ್ಕೆ ತನ್ನದೇ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಉಂಟು. ಆ ಜೀನೋಮ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಪಾಚಿಗೆ ಯಾವುದು ಹತ್ತಿರದ ಸಂಬಂಧಿ ಎಂದು ತಿಳಿಯುತ್ತದೆ. ಔರಾದ್ ಕಡೆಯ ಎಕಂಬಾ, ಚಿಂತಾಕಿಗಳ ಕೆಂಪು ಪಾಚಿಯನ್ನು ಆಗಲೇ ಓದಿಯಾಗಿತ್ತು. ಎಕಂಬಾದ್ದು ನೋಡಲು ಭಾತಂಬ್ರಾ ಪಾಚಿಯಂತೆಯೇ ಇತ್ತು. ಓದಲು ಉಳಿದದ್ದು ಭಾತಂಬ್ರಾದ್ದೊಂದೇ.

ಮತ್ತೆ ಭಾತಂಬ್ರಾಕ್ಕೆ ಓಡಿದೆ. ಬರದ ಬೇಸಿಗೆ, ಬಾವಿ ತಳ ಕಂಡಿತ್ತು. ನೀರು ಇಳಿದಾಗಲೇ ಗೋಡೆ ಕೆರೆದು ಸುಣ್ಣ ಬಳಿಯುವುದು ಅಲ್ಲಿಯ ಪದ್ಧತಿ. ಬಾವಿಯ ಒಡತಿ ಸುಣ್ಣ ನೆನೆಹಾಕಿ ಕೂತಿದ್ದಳು. ಕೆರೆದರೆ ನನ್ನ ಪಾಚಿ ಮುಗಿದಂತೆಯೇ. ಪುಣ್ಯಕ್ಕೆ ಹೂಳೆತ್ತುವ ಮಂದಿಯೆಲ್ಲ ದುಡಿಯಲು ಹೈದರಾಬಾದಿಗೆ ಹೋಗಿ ಕೆಲಸ ನಿಂತಿತ್ತು.

“ಪಾಚಿ ಬೇಕಾ ತಂಗಿ? ಎರಡು ದಿನ ಹೂಳು ಎತ್ತು,” ಎಂದಳು ಒಡತಿ.

“ಒಂದು ದಿನ ಎತ್ತತೀನಿ ಕಾಕಿ.”

“ಓದಿದಾಕಿ ಹಿಂಗ ಚೌಕಾಸಿ ಮಾಡ್ತಾಳೇನ?”

“ಭಾಲ್ಕಿ ಸಂತ್ಯಾಗ ಮೆಣಸಿನಕಾಯಿ ಮಾರಿ ಓದೀನ್ರಿ!”

ಆಕೆ ನಕ್ಕು ಒಂದೂವರೆ ದಿನಕ್ಕೆ ಇಳಿದಳು. ನೆರಳಿನ ಒಂದು ಕಲ್ಲನ್ನು ಕೆರೆಯದೆ ಬಿಡಬೇಕೆಂಬ ನನ್ನ ಷರತ್ತಿಗೂ ಒಪ್ಪಿದಳು. ಮೊದಲು ಪಾಚಿಯನ್ನು ತೆಗೆದು ತೇವ ಹೀರುವ ಸಿಲಿಕಾ ಹರಳಿನ ಚೀಲದಲ್ಲಿ ಒಣಗಲು ಇಟ್ಟೆ. ಆಮೇಲೆ ಬುಟ್ಟಿ ಹೊತ್ತೆ. ಬೆನ್ನು ಮುರಿದರೂ ಅಷ್ಟು ಹಾಡಿಕೊಂಡು ನಾನು ಯಾವತ್ತೂ ದುಡಿದಿಲ್ಲ.

ಈ ಸಲ ಜೀನೋಮ್ ಇಡಿಯಾಗಿ ಸಿಕ್ಕಿತು. ಸುದ್ದಿಯನ್ನು ಮೊದಲು ಮುಟ್ಟಿಸಿದ್ದು ಬಾವಿಯ ಒಡತಿಗೆ.

“ಕಾಕಿ, ನಿಮ್ಮ ಪಾಚಿಗಿ ಚಿಂತಾಕ್ಯಾಗ ತಂಗಿ ಸಿಕ್ಕಾಳ್ರಿ!”

“ಎಕಂಬಾದ್ದು ಇದರಂಗೇ ಅದ ಅಂದಿದ್ದಿ?”

“ನೋಡಾಕ ಮಾರಿ ಅಷ್ಟೇ ಒಂದೇ ಥರಾ ರಿ. ಸಂಬಂಧ ಭಾಳ ದೂರ.”

“ಮಾರಿ ನೋಡಿ ನಂಟಸ್ತನ ಹೇಳಬ್ಯಾಡ. ನನ್ನ ಸೊಸಿ ನನ್ನಂಗೇ ಕಾಣ್ತಾಳ, ಹಂಗಂತ ಮಗಳಾದಳೇನ?”

ನೀವೂ ಪಾಚಿ ತರಲು ಹೊರಟರೆ ಮೂರು ಪಾಲು ಮಾಡಿ. ನೋಡುವುದಕ್ಕೆ ಒಂದು ಬಾಟಲಿಗೆ, ಓದುವುದಕ್ಕೆ ಒಂದು ಒಣ ಚೀಲಕ್ಕೆ, ಮಿಕ್ಕದ್ದು ಕಲ್ಲಿನ ಮೇಲೇ ಇರಲಿ. ಬಾವಿಯವರ ಹತ್ತಿರ ಚೌಕಾಸಿಗೆ ಬೆಳಿಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಯಾರೂ ಅರ್ಧ ದಿನ ಬಿಟ್ಟುಕೊಡುವುದಿಲ್ಲ.