ಎಪ್ಪತ್ತೆಂಟು ಕೆಜಿಯ ಅಳಿಯ

ಆಂಬುಲೆನ್ಸ್ ದೋಣಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಗ್ರಂಥಪಾಲಕನ ಪ್ಯಾಂಟು ಹಿಂಬದಿಯಲ್ಲಿ ಪರ್ರೆಂದು ಹರಿಯಿತು. ದೋಣಿಕಟ್ಟೆಯ ಮೇಲೆ ನಿಂತಿದ್ದ ಹೆಂಡತಿಗೆ ಕೇಳಿಸಿತು. ಡ್ರಿಪ್ ಬಾಟಲಿ ಹಿಡಿದಿದ್ದ ನರ್ಸಿಗೆ ಕೇಳಿಸಿತು. ಎದೆನೋವಿನಿಂದ ಬೆವರುತ್ತ ಸ್ಟ್ರೆಚರ್ ಮೇಲೆ ಮಲಗಿದ್ದ ಮಾವನಿಗಂತೂ ಚೆನ್ನಾಗಿಯೇ ಕೇಳಿಸಿತು.

"ಏನದು ಅಳಿಯಂದಿರೇ, ಹಾಯಿ ಹರೀತಾ?" ಎಂದರು, ಆಕ್ಸಿಜನ್ ಮಾಸ್ಕ್ ಒಳಗಿನಿಂದಲೇ.

ದೋಣಿ ಒಮ್ಮೆ ವಾಲಿ ಸರಿಯಾಯಿತು. ಚುಕ್ಕಾಣಿ ಹಿಡಿದಿದ್ದ ದೋಣಿಯಕ್ಕ ನಗಲಿಲ್ಲ. ಬಗ್ಗಿ, ದೋಣಿಯ ಮೈಗೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದರು.

"ಎಪ್ಪತ್ತೆಂಟು ಅಂದಿದ್ರಲ್ಲ, ಲೈಬ್ರರಿ ಸರ್?"

"ಹ್ಞಾಂ... ಆಸುಪಾಸು."

"ನಿಮ್ಮನ್ನ ಇಳಿಸಿ ಇನ್ನೊಬ್ಬರನ್ನ ಹತ್ತಿಸೋ ಅಷ್ಟರಲ್ಲಿ ನೀರು ಇನ್ನೂ ಇಳಿಯುತ್ತೆ. ಕೂತ್ಕೊಳ್ಳಿ."

ಆ ದ್ವೀಪದಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದರೆ ಎರಡೇ ಪ್ರಶ್ನೆ. ರೋಗಿಗೆ ಏನಾಗಿದೆ? ಜೊತೆಗೆ ಬರುವವರ ತೂಕ ಎಷ್ಟು? ದ್ವೀಪಕ್ಕೂ ಆಸ್ಪತ್ರೆಯಿರುವ ಆಚೆ ದಡಕ್ಕೂ ನಡುವೆ ಒಂದು ಮರಳ ದಿಬ್ಬವಿದೆ. ಕಡಲಿನ ಇಳಿತದ ಹೊತ್ತಿನಲ್ಲಿ ಅದರ ಮೇಲೆ ನೀರು ಮೊಣಕಾಲಿಗೂ ಬರುವುದಿಲ್ಲ. ಸುತ್ತಿಕೊಂಡು ಹೋದರೆ ನಲವತ್ತು ನಿಮಿಷ ಹೆಚ್ಚು, ಹೃದಯ ಅಷ್ಟು ಹೊತ್ತು ಕಾಯುವ ಗಿರಾಕಿಯಲ್ಲ. ಆದ್ದರಿಂದ ಅಕ್ಕ ಜನರನ್ನು ತೂಕ ನೋಡಿ ಕೂರಿಸುತ್ತಾರೆ. ಅವರ ಕಾನೂನು ಚಿಕ್ಕದು: "ಅಳೋರು ಮುಂದೆ, ಸಲಹೆ ಕೊಡೋರು ದಡದಲ್ಲಿ."

ಫೋನಿನಲ್ಲಿ ತೂಕ ಕೇಳಿದಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಗ್ರಂಥಪಾಲಕ ಮದುವೆಯ ದಿನದ ತೂಕ ಹೇಳಿಬಿಟ್ಟಿದ್ದ. ಈಗ ಅವನು ತೊಂಬತ್ತನಾಲ್ಕು.

ಅಕ್ಕನಿಗೆ ಈ ವಿದ್ಯೆ ಬಂದದ್ದು ಆಲೂಗಡ್ಡೆ ಮೂಟೆಗಳಿಂದ. ಅಪ್ಪನ ತರಕಾರಿ ದೋಣಿಯಲ್ಲಿ ಬೆಳೆದವರು. ದೋಣಿ ಎಷ್ಟು ತಗ್ಗಿದೆ ಎಂದು ನೋಡಿ, ಯಾವ ವ್ಯಾಪಾರಿ ಮೂಟೆಗೆ ಕಲ್ಲು ತುಂಬಿದ್ದಾನೆ ಎಂದು ಹೇಳುತ್ತಿದ್ದರಂತೆ. ಇಪ್ಪತ್ತಮೂರು ವರ್ಷದ ಹಿಂದೆ ಆಂಬುಲೆನ್ಸ್ ದೋಣಿಗೆ ಚಾಲಕರು ಬೇಕೆಂದಾಗ ಸಂದರ್ಶನಕ್ಕೆ ಹೋದರು. "ನಡುನೀರಲ್ಲಿ ಎಂಜಿನ್ ಕೆಟ್ಟರೆ ಏನಮ್ಮಾ ಮಾಡ್ತೀಯಾ?" ಎಂದು ಅಧಿಕಾರಿ ಕೇಳಿದ. "ಗಂಡಸರು ಮಾಡೋದನ್ನೇ ಸರ್, ಬೈಯೋದೊಂದು ಬಿಟ್ಟು" ಎಂದರಂತೆ. ಕಟ್ಟೆಯ ಮೇಲಿನ ಅವರ ಕೋಣೆಯಲ್ಲಿ ಒಂದು ಬೆಂಚು, ಒಂದು ಫ್ಲಾಸ್ಕು, ಏರಿಳಿತದ ಹೊತ್ತು ಬರೆದ ಕರಿಹಲಗೆ. ಬಾಗಿಲ ಹಿಂದೆ ಸೀಮೆಸುಣ್ಣದ ಹನ್ನೊಂದು ಗೆರೆಗಳಿವೆ, ದೋಣಿಯಲ್ಲೇ ಹುಟ್ಟಿದ ಮಕ್ಕಳವು. ಗೋಡೆಗೆ ಸುಣ್ಣ ಹೊಡೆಯುವವರೂ ಆ ಜಾಗವನ್ನು ಮುಟ್ಟುವುದಿಲ್ಲ.

ದಿಬ್ಬದ ನಡುವೆ ದೋಣಿಯ ತಳ ಗರಗರ ಎಂದಿತು. ನಿಂತಿತು.

"ಸರ್, ಮುಂದಕ್ಕೆ ಬನ್ನಿ." ಬಂದ. ಅಲುಗಲಿಲ್ಲ. "ಇನ್ನೂ ಮುಂದೆ." ದೋಣಿಯ ಮೂತಿಯ ಮೇಲೆ ದೀಪಸ್ತಂಭದಂತೆ ಕೂತ. ಊಹೂಂ.

ನರ್ಸ್ ಮಾವನ ನಾಡಿ ಹಿಡಿದು, "ಅಕ್ಕಾ, ಬೇಗ" ಎಂದಳು. ಮಾವ ತಮಾಷೆ ನಿಲ್ಲಿಸಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವರು ಅಳಿಯನನ್ನು ಇಷ್ಟು ಹೊತ್ತು ಸುಮ್ಮನೆ ಬಿಟ್ಟಿರಲಿಲ್ಲ.

"ಇಳೀರಿ" ಎಂದರು ಅಕ್ಕ.

"ಎಲ್ಲಿಗೆ?"

"ನೀರಿಗೆ. ಇಳಿದು ತಳ್ಳಿ. ಆಮೇಲೆ ಇಲ್ಲೇ ನಿಂತಿರಿ. ಲೈಫ್ ಜಾಕೆಟ್ ಬಿಚ್ಚಬೇಡಿ. ನೀರು ತಿರುಗಿ ಏರೋಕೆ ಇನ್ನೂ ಒಂದೂವರೆ ಗಂಟೆ ಇದೆ, ಅಷ್ಟರೊಳಗೆ ಬರ್ತೀನಿ."

ಇಳಿದ. ಹೆಗಲು ಕೊಟ್ಟು ತಳ್ಳಿದ. ಪ್ಯಾಂಟಿನ ಉಳಿದ ಹೊಲಿಗೆಯೂ ಹೋಯಿತು. ದೋಣಿ ಮರಳು ಬಿಟ್ಟು ಹಗುರಾಗಿ ತೇಲಿ, ಹಿಂದಿರುಗಿ ನೋಡದೆ ಹೊರಟುಹೋಯಿತು.

ನಾಲ್ಕೂ ದಿಕ್ಕಿಗೆ ನೀರು. ನಡುವೆ ಕಿತ್ತಳೆ ಬಣ್ಣದ ಜಾಕೆಟ್ಟಿನ ಒಬ್ಬ ಗ್ರಂಥಪಾಲಕ. ಗ್ರಂಥಾಲಯದಲ್ಲಿ ಎಲ್ಲರಿಗೂ 'ಸದ್ದು ಮಾಡಬೇಡಿ' ಎನ್ನುತ್ತಿದ್ದವನಿಗೆ ಆ ಮೌನ ಸಾಕುಸಾಕಾಯಿತು. ಹದಿನಾರು ಕೆಜಿ ಒಣಜಂಬಕ್ಕೆ ಒಂದು ಜೀವ ತೆತ್ತುಬಿಟ್ಟೆನೇ ಎಂಬ ಒಂದೇ ಯೋಚನೆ. ಗಡಿಯಾರ ನೋಡಿದ, ನೀರು ನೋಡಿದ, ಮತ್ತೆ ಗಡಿಯಾರ ನೋಡಿದ. ಹೆಂಡತಿಗೆ ಏನು ಹೇಳುವುದು?

ಐವತ್ತೆರಡು ನಿಮಿಷಕ್ಕೆ ದೋಣಿ ಕಾಣಿಸಿತು. ದಿಬ್ಬದಿಂದ ಅಷ್ಟು ದೂರದಲ್ಲೇ ಅಕ್ಕ ಎಂಜಿನ್ ಆರಿಸಿ, ಉದ್ದ ಕೋಲು ಊರಿ ದೋಣಿ ತಳ್ಳುತ್ತ ಬಂದರು. ಮುಖದಲ್ಲಿ ಏನೂ ಓದುವಂತಿರಲಿಲ್ಲ.

"ಮಾವ?"

"ಹೊತ್ತಿಗೆ ಸರಿಯಾಗಿ ಹೋದ್ವಿ. ಡಾಕ್ಟರು ಒಳಗೆ ಕರ್ಕೊಂಡ್ರು, ರಕ್ತ ಹೆಪ್ಪುಗಟ್ಟಿದ್ದು ಕರಗ್ತಾ ಇದೆಯಂತೆ. ನಿಮಗೊಂದು ಮಾತು ಹೇಳಿ ಕಳಿಸಿದಾರೆ."

"ಏನಂತೆ?"

"ಅಳಿಯಂದಿರು ಮದುವೆಯಾದ ಮೇಲೆ ಮೊದಲನೇ ಸಲ ನನ್ನ ಭಾರ ಇಳಿಸಿದ್ರು, ಅಂತ."

ಗ್ರಂಥಪಾಲಕ ನಗಲು ಹೋಗಿ ಅತ್ತುಬಿಟ್ಟ. ಅಕ್ಕ ಅವನನ್ನು ಮುಂದೆ ಕೂರಿಸಿದರು. ಅಳುವವರ ಜಾಗ ಅದೇ ತಾನೇ. ಒಂದು ಚಾದರವನ್ನೂ ಕೊಟ್ಟರು, ಪ್ಯಾಂಟಿನ ಸಲುವಾಗಿ. ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ಅವನು ಪುಸ್ತಕಗಳಲ್ಲಿ ಮಾತ್ರ ಕಂಡಿದ್ದ.

ದಡ ಹತ್ತಿರವಾದಾಗ ಧೈರ್ಯ ಮಾಡಿ ಕೇಳಿದ, "ಅಕ್ಕಾ, ನಾನು ಸುಳ್ಳು ಹೇಳಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಫೋನಲ್ಲೇ. ಗಂಡಸರು ಹೇಳೋ ತೂಕಕ್ಕೆ ಯಾವಾಗಲೂ ಹತ್ತು ಕೆಜಿ ಸೇರಿಸ್ಕೋತೀನಿ. ನೀವು ಹದಿನಾರು ಮುಚ್ಚಿಟ್ಟಿದ್ರಿ."